ಬೇವಿನ ಎಲೆಯ ಸಿಲ್ವರ್ ನ್ಯಾನೋ (ಬೆಳ್ಳಿಯ ಅತಿ ಸಣ್ಣ ಕಣ): ಸಂಜೆ ಕಂದು, ಬೆಳಗ್ಗೆ ಬೂದಿ. ಯಾರಾದರೂ ಹೇಳಿ!

ಬೀಕರ್_ಬೇಸರ: ಮೂರನೇ ಸಲ ಹಾಳಾಯಿತು. ಎಲೆ ಕುದಿಸಿ ಸೋಸಿದ ಕಷಾಯ 1 ಪಾಲು, 1 ಮಿಲಿಮೋಲಾರ್ ಸಿಲ್ವರ್ ನೈಟ್ರೇಟ್ 9 ಪಾಲು. ಮೊದಲು ತಿಳಿ ಹಳದಿ, ಸಂಜೆಗೆ ಒಳ್ಳೆ ಕಂದು. ಯುವಿ-ವಿಸ್‌ನಲ್ಲಿ (ಯಾವ ಬೆಳಕನ್ನು ಎಷ್ಟು ಹೀರುತ್ತದೆ ಎಂದು ಅಳೆಯುವ ಯಂತ್ರ) 430 ನ್ಯಾನೋಮೀಟರ್ ಹತ್ತಿರ ಪೀಕ್, ಅಂದರೆ ಬೆಳ್ಳಿ ಕಣ ಆಗಿತ್ತು. ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಕಣ ತಳಕ್ಕಿಳಿಸಿ ತೊಳೆದು, ಫ್ರಿಜ್‌ನಲ್ಲಿಟ್ಟು ಮಲಗಿದೆ. ಬೆಳಗ್ಗೆ ಟ್ಯೂಬಿನ ತಳದಲ್ಲಿ ಬೂದಿ ಬಣ್ಣದ ಗಸಿ, ಮೇಲೆ ತಿಳಿನೀರು. ಬ್ಯಾಕ್ಟೀರಿಯಾ ಹಚ್ಚಿದ ಅಗರ್ ಪ್ಲೇಟಿಗೆ ಹಾಕಿದರೆ ಬಾವಿಯ (ಅಗರ್‌ನಲ್ಲಿ ಕೊರೆದ ಗುಳಿ) ಸುತ್ತ ಬ್ಯಾಕ್ಟೀರಿಯಾ ಇಲ್ಲದ ಖಾಲಿ ವಲಯ ಬರಲೇ ಇಲ್ಲ. ಎಲ್ಲಾ ಸರಿಯಾಗೇ ಮಾಡಿದ್ದೇನೆ.

ಪಿಎಚ್_ಪಂಡಿತ: ಪಿಎಚ್. ಬೇರೇನೂ ಅಲ್ಲ. ಕಷಾಯ ಹುಳಿಯಿದ್ದರೆ ಕಣ ದಪ್ಪ ಆಗುತ್ತದೆ. ಸೋಡಿಯಂ ಹೈಡ್ರಾಕ್ಸೈಡ್ ಹನಿಹನಿಯಾಗಿ ಹಾಕಿ 8ಕ್ಕೆ ತನ್ನಿ.

ಹಳೆ_ಪಿಪೆಟ್: ಜಾಸ್ತಿ ಹಾಕಿದರೆ ಸಿಲ್ವರ್ ಆಕ್ಸೈಡ್ ಗಸಿ ಬರುತ್ತದೆ, ಅದೂ ಕಂದೇ. ಯಾವ ನೀರು ಬಳಸಿದಿರಿ? ನಲ್ಲಿ ನೀರಾದರೆ ಕ್ಲೋರೈಡ್‌ಗೆ ಹಾಲಿನ ಹಾಗೆ ಬೆಳ್ಳಗಾಗುತ್ತದೆ.

ಬೀಕರ್_ಬೇಸರ: ನಲ್ಲಿ ನೀರಾ! ಡಿಅಯಾನೈಸ್ಡ್ ಕಣ್ರೀ, ಲವಣ ತೆಗೆದದ್ದು.

ಪಿಎಚ್_ಪಂಡಿತ: ಪಿಎಚ್ ಎಷ್ಟಿತ್ತು ಅಂತ ಇನ್ನೂ ಹೇಳಲಿಲ್ಲ.

ಕಹಿ_ಮಾತು: ಹೀಗೆ ಎಲೆಯಿಂದ ಮಾಡುವುದನ್ನು 'ಹಸಿರು' ವಿಧಾನ ಅನ್ನುವುದೇ ತಮಾಷೆ. ಸಿಲ್ವರ್ ನೈಟ್ರೇಟ್ ಏನು ಗಿಡದಲ್ಲಿ ಬಿಡುತ್ತದಾ?

ಪಿಎಚ್_ಪಂಡಿತ: ಸಿಲ್ವರ್ ಅಯಾನನ್ನು ಕಣ ಮಾಡಲು ಬೊರೊಹೈಡ್ರೈಡ್ ಎಂಬ ರಾಸಾಯನಿಕದ ಬದಲು ಎಲೆಯಲ್ಲೇ ಇರುವ ಪಾಲಿಫಿನಾಲ್ ಕೆಲಸ ಮಾಡುತ್ತದಲ್ಲ, ಅದಕ್ಕೆ ಹಸಿರು. ಸುಮ್ನೆ ಕೊಂಕು ಬೇಡ.

ರೋಟರ್_ರಾಜ: ನನ್ನ ಗೋಲ್ಡ್ ನ್ಯಾನೋ ಎಂಟು ತಿಂಗಳಾದರೂ ಮಾಣಿಕ್ಯದ ಹಾಗೆ ಕೆಂಪಗಿದೆ. ಗಾಜನ್ನು ಆಕ್ವಾ ರೀಜಿಯಾದಲ್ಲಿ (ಚಿನ್ನವನ್ನೂ ಕರಗಿಸುವ ಆಮ್ಲ ಮಿಶ್ರಣ) ತೊಳೆಯುತ್ತೇನೆ. ಸೆಂಟ್ರಿಫ್ಯೂಜ್ 15,000 ಆರ್‌ಪಿಎಂ, ಕೂಲಿಂಗ್ ಸಮೇತ. ಫೋಟೋ ಹಾಕಲೇ?

ಹಳೆ_ಪಿಪೆಟ್: ಬೇಡ. ಬೀಕರ್ ಅವರೇ, ತೊಳೆದ ಮೇಲೆ ಪೆಲೆಟ್ (ತಳಕ್ಕೆ ಕೂತ ಕಣದ ಮುದ್ದೆ) ಯಾವುದರಲ್ಲಿ ಕಲಸಿದಿರಿ?

ಬೀಕರ್_ಬೇಸರ: ಪಿಬಿಎಸ್, ಅದೇ ಫಾಸ್ಫೇಟ್ ಬಫರ್ ಹಾಕಿದ ಸಲೈನ್. ಮೆಡಿಕಲ್ ಕೆಲಸಕ್ಕೆ ಎಲ್ಲರೂ ಅದೇ ಅಲ್ವಾ? ಅದಕ್ಕೇ ಬರೆಯಲಿಲ್ಲ.

ಹಳೆ_ಪಿಪೆಟ್: ಅಯ್ಯೋ, ಅದನ್ನೇ ಮೊದಲು ಹೇಳಬೇಕಿತ್ತು. ಅದರಲ್ಲಿ ಸುಮಾರು 137 ಮಿಲಿಮೋಲಾರ್ ಉಪ್ಪಿದೆ. ಕಣಗಳನ್ನು ದೂರ ದೂರ ಇಟ್ಟಿದ್ದ ಚಾರ್ಜ್ ಉಪ್ಪಿಗೆ ಮಂಕಾಗುತ್ತದೆ, ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮೇಲೆ ಕ್ಲೋರೈಡ್ ಬೇರೆ. ಒಂದೇ ಪೆಲೆಟ್ ಎರಡು ಭಾಗ ಮಾಡಿ, ಒಂದು ನೀರಿಗೆ, ಒಂದು ಪಿಬಿಎಸ್‌ಗೆ. ಗಂಟೆ ಬಿಟ್ಟು ಎರಡನ್ನೂ ಸ್ಕ್ಯಾನ್ ಮಾಡಿ.

ಪಿಎಚ್_ಪಂಡಿತ: ಪಿಬಿಎಸ್ ಪಿಎಚ್ 7.4. ನಾನು ಹೇಳಿದ್ದು 8.

ಬೀಕರ್_ಬೇಸರ: ಮಾಡಿದೆ. ನೀರಿನದು ಕಂದಾಗೇ ಇದೆ, ಪೀಕ್ ಅಲುಗಾಡಿಲ್ಲ. ಪಿಬಿಎಸ್‌ನದು ಬೂದಿ, ಪೀಕ್ ಚಪ್ಪಟೆಯಾಗಿ ಅಗಲ ಬಿದ್ದಿದೆ. ಪ್ಲೇಟಲ್ಲೂ ನೀರಿನದಕ್ಕೆ ವಲಯ ಬಂತು!! ಆದರೆ ತೊಳೆಯದ ಮಾದರಿಗೆ ಅದಕ್ಕಿಂತ ದೊಡ್ಡ ವಲಯ. ಇದೇನು?

ಹಳೆ_ಪಿಪೆಟ್: ಕಣವಾಗದೆ ಉಳಿದ ಸಿಲ್ವರ್ ಅಯಾನ್ ಇರಬಹುದು, ಅದೂ ಬ್ಯಾಕ್ಟೀರಿಯಾ ಕೊಲ್ಲುತ್ತದೆ. ಬರೀ ಕಷಾಯಕ್ಕೊಂದು, ಬರೀ ಸಿಲ್ವರ್ ನೈಟ್ರೇಟ್‌ಗೊಂದು ಬಾವಿ ಇಟ್ಟಿದ್ದೀರಾ? ಮೊದಲ ಸ್ಪಿನ್‌ನ ಮೇಲಿನ ನೀರನ್ನೂ ಒಂದಕ್ಕೆ ಹಾಕಿ.

ಬೀಕರ್_ಬೇಸರ: ಆ ನೀರು ಚೆಲ್ಲಿಬಿಟ್ಟೆನಲ್ಲಾ.