1930ರ ಧಾರವಾಡ, ಅಜ್ಜನ ವಾಡೆ, ಗೋಡೆಯೊಳಗಿನ ಗಡಿಗೆ: ಈ ಕತೆಗೆ ಅಂದಿನ ಕಾನೂನು ಒಪ್ಪುತ್ತದೆಯೇ?

ಹೊಸ_ಕತೆಗಾರ್ತಿ:
ರಕ್ತಪಾತವಿಲ್ಲದ, ಒಂದೇ ಊರಿನೊಳಗೆ ಬಿಚ್ಚಿಕೊಳ್ಳುವ ಪತ್ತೇದಾರಿ ಕಾದಂಬರಿಯ ಹಂದರ ಇದು. ಊರು ಧಾರವಾಡ, ವರ್ಷ 1930. ನಾಯಕಿಗೆ 24, ಸೈಕಲ್ ಹೊಡೆಯುತ್ತಾಳೆ, ಒಬ್ಬಳೇ ರೈಲು ಹತ್ತುವ ಗಟ್ಟಿಗಿತ್ತಿ. ತಾಯಿ ಇಲ್ಲ. ತಾಯಿಯ ತಂದೆ 1911ರಲ್ಲೇ ತೀರಿದ್ದಾರೆ, ಗಂಡುಮಕ್ಕಳಿಲ್ಲ. ಅಲ್ಲಿಂದ ಅಜ್ಜಿಯೇ ವಾಡೆ (ಹಳೆಯ ದೊಡ್ಡ ಮನೆ), ಹೊಲ ನೋಡಿಕೊಂಡಿದ್ದರು. ಈಗ ಅಜ್ಜಿ ಸಂಶಯಾಸ್ಪದವಾಗಿ ಸಾಯುತ್ತಾರೆ, ಆಸ್ತಿಯೆಲ್ಲ ಮೊಮ್ಮಗಳಿಗೆ ಎಂದು ವಕೀಲರ ಕಾಗದ ಬರುತ್ತದೆ. ಖಳ ಅಜ್ಜನ ತಮ್ಮನ ಮಗ. ಹೆಣ್ಣುಮಕ್ಕಳಿಗೆ ಹಕ್ಕೇ ಇರಲಿಲ್ಲ ಅನ್ನುವ ಕಾಲದಲ್ಲಿ ಇದು ನಡೆಯುತ್ತಿತ್ತೇ? ವಿಷಪ್ರಾಶನವನ್ನು ಹೇಗೆ ಸಾಬೀತು ಮಾಡುತ್ತಿದ್ದರು? ಗೋಡೆಯಲ್ಲಿ ನಾಣ್ಯದ ಗಡಿಗೆ ಸಿಕ್ಕರೆ ಯಾರದು?

ಹಳೇ_ದಫ್ತರ:
ನಡೆಯುತ್ತಿತ್ತು, ಆದರೆ ಖಳನನ್ನು ಬದಲಿಸಲೇಬೇಕು. ಅಜ್ಜ ಅಣ್ಣತಮ್ಮಂದಿರಿಂದ ಪಾಲಾಗಿ ಬೇರೆ ಇದ್ದರು ಎಂದಿಟ್ಟುಕೊಳ್ಳಿ. ಪಾಲಾಗದಿದ್ದರೆ ಆಸ್ತಿ ಆಗಲೇ ತಮ್ಮನ ಕಡೆ ಹೋಗಿರುತ್ತಿತ್ತು. ಅಜ್ಜಿ ಅದನ್ನು ಜೀವ ಇರುವತನಕ ಮಾತ್ರ ಅನುಭವಿಸುತ್ತಾರೆ. ಅವರು ಕಣ್ಣುಮುಚ್ಚಿದ ದಿನ ಅಜ್ಜನಿಗೆ ಯಾರು ಹತ್ತಿರದ ವಾರಸುದಾರರೋ ಅವರಿಗೆ ಸೇರುತ್ತದೆ.

ನಿಮಗೆ ಬೇಕಾದ ಕಾಯ್ದೆ 1929ರ ಫೆಬ್ರವರಿ 21ರಂದು ಬಂತು. ಮಗನ ಮಗಳು, ಮಗಳ ಮಗಳು, ಅಕ್ಕತಂಗಿ, ಅಕ್ಕತಂಗಿಯ ಮಗ ಈ ನಾಲ್ವರನ್ನು ಮಿತಾಕ್ಷರ ಎಂಬ ಹಿಂದೂ ಕಾನೂನು ಪದ್ಧತಿಯ ವಾರಸು ಸಾಲಿನಲ್ಲಿ ಮೇಲಕ್ಕೆ ತಂದು, ಸತ್ತವನ ತಂದೆಯ ತಂದೆಯ ನಂತರ, ತಂದೆಯ ಅಣ್ಣತಮ್ಮಂದಿರಿಗಿಂತ ಮೊದಲು ಕೂರಿಸಿತು. ಅಂದರೆ ಅಜ್ಜನ ಸ್ವಂತ ತಮ್ಮ, ಆ ತಮ್ಮನ ಮಗ ಇನ್ನೂ ನಾಯಕಿಗಿಂತ ಮುಂದೆಯೇ. ನಿಮ್ಮ ಖಳ ಬದುಕಿದ್ದರೆ ಕೊಲೆಯ ಅಗತ್ಯವೇ ಇಲ್ಲ, ಆಸ್ತಿ ನ್ಯಾಯವಾಗಿಯೇ ಅವನದು! ಅಜ್ಜನ ಅಣ್ಣತಮ್ಮಂದಿರ ಕಡೆ ಯಾರೂ ಉಳಿದಿಲ್ಲ ಎಂದಿಟ್ಟು, ಅವನನ್ನು ಅಜ್ಜನ ಚಿಕ್ಕಪ್ಪನ ಮಗನಾಗಿಸಿ. 1929ಕ್ಕೆ ಮೊದಲು ಅವನೇ ಮುಂದಿನ ವಾರಸುದಾರ, ಆಮೇಲೆ ಮೊಮ್ಮಗಳ ಹಿಂದೆ. ಹದಿನೆಂಟು ವರ್ಷ ಕಾದವನ ಕೈಯಿಂದ ಆಸ್ತಿ ಜಾರಿತು. ನಾಯಕಿಗೆ ಅಣ್ಣತಮ್ಮ ಇರಬಾರದು. ಮಗಳ ಮಗ ಇದ್ದರೆ ಅವನೇ ಎಲ್ಲರಿಗಿಂತ ಮೊದಲು. ಅಜ್ಜ 1911ರಲ್ಲೇ ಸತ್ತಿದ್ದರಿಂದ ಹೊಸ ಕಾಯ್ದೆ ಹತ್ತುವುದಿಲ್ಲ ಎಂದು ಖಳನ ವಕೀಲ ವಾದಿಸಲಿ. ಆ ವಾದ ಲಂಡನ್ನಿನ ಕೊನೆಯ ಮೇಲ್ಮನವಿ ನ್ಯಾಯಪೀಠವಾದ ಪ್ರಿವಿ ಕೌನ್ಸಿಲ್‌ನಲ್ಲಿ ಇತ್ಯರ್ಥವಾದದ್ದು 1946ರಲ್ಲಿ, ಹೆಣ್ಣುಮಕ್ಕಳ ಪರವಾಗಿ.

ಊರು ಧಾರವಾಡವೇ ಇರಲಿ, ಬಳ್ಳಾರಿಗೆ ಒಯ್ಯಬೇಡಿ. ಧಾರವಾಡ ಮುಂಬಯಿ ಇಲಾಖೆ (ಪ್ರೆಸಿಡೆನ್ಸಿ). ಅಲ್ಲಿ ಮಗಳ ಮಗಳಿಗೆ ಬಂದ ಆಸ್ತಿ ಪೂರ್ಣ ಅವಳದೇ, ಮಾರಬಹುದು. ಬಳ್ಳಾರಿ ಮದ್ರಾಸ್ ಇಲಾಖೆ. ಅಲ್ಲಿ ಅವಳಿಗೂ ಅಜ್ಜಿಯಂತೆ ಸೀಮಿತ ಹಕ್ಕು. ಮೈಸೂರು ಸಂಸ್ಥಾನದ್ದು 1933ರ ಬೇರೆಯೇ ಕಾಯ್ದೆ.

ಖಳನಿಗೆ ಉಳಿಯುವ ದಾರಿ ದತ್ತಕ. ಪಾಲಾದ ಗಂಡನ ವಿಧವೆ, ಗಂಡ ಬೇಡವೆಂದಿರದಿದ್ದರೆ, ಮುಂಬಯಿ ಇಲಾಖೆಯಲ್ಲಿ ತಾನೇ ದತ್ತಕ ತೆಗೆದುಕೊಳ್ಳಬಹುದಿತ್ತು. ಅಜ್ಜಿ ಖಳನ ಚಿಕ್ಕ ಮಗನನ್ನು ದತ್ತಕ ತೆಗೆದುಕೊಂಡಿದ್ದರು ಎಂದು ಅವನು ಹಳೆಯ ತಾರೀಖಿನ ಪತ್ರ ಹಾಜರುಪಡಿಸಲಿ. ಆ ಕಾಗದವನ್ನು ನಾಯಕಿ ಬೆಳಕಿಗೆ ಹಿಡಿದು ಹಿಂದೆ ತಿರುಗಿಸಲಿ: ಛಾಪಾ ಕಾಗದದ (ಸ್ಟಾಂಪ್ ಪೇಪರಿನ) ಬೆನ್ನ ಮೇಲೆ ಮಾರಿದವನ ಕ್ರಮಸಂಖ್ಯೆ, ತಾರೀಖು, ಕೊಂಡವನ ಹೆಸರು ಇರುತ್ತವೆ, ಮಾರಾಟಗಾರನ ವಹಿಯಲ್ಲೂ ಅದೇ ಸಂಖ್ಯೆ. ಆ ಕಾಗದದ ಸಂಖ್ಯೆಯ ಆಚೀಚಿನ ಸಂಖ್ಯೆಗಳಿಗೆ ವಹಿಯಲ್ಲಿರುವ ತಾರೀಖು, ಪತ್ರದ ತಾರೀಖಿಗಿಂತ ಏಳು ತಿಂಗಳ ನಂತರದ್ದಾಗಿದ್ದರೆ ಮುಗಿಯಿತು, ಪತ್ರ ಖೋಟಾ. ಆದರೆ ಇಲ್ಲಿಗೇ ಕತೆ ನಿಲ್ಲಿಸಬೇಡಿ. ದತ್ತಕಕ್ಕೆ ಪತ್ರ ಕಡ್ಡಾಯವಲ್ಲ. ಮಗುವನ್ನು ಕೊಟ್ಟು ತೆಗೆದುಕೊಳ್ಳುವ ಕ್ರಿಯೆ ಕಡ್ಡಾಯ. ಹಾಗಾಗಿ ಆ ದಿನ ಅಜ್ಜಿ ಊರಲ್ಲೇ ಇರಲಿಲ್ಲ ಎಂದೂ ತೋರಿಸಬೇಕು.

ಕೊಲೆಗಾರನಿಗೆ ವಾರಸು ಇಲ್ಲ. 1924ರಲ್ಲಿ ಕೆಂಚವ್ವ ವಿರುದ್ಧ ಗಿರಿಮಲ್ಲಪ್ಪ ಮೊಕದ್ದಮೆಯಲ್ಲಿ ಪ್ರಿವಿ ಕೌನ್ಸಿಲ್ ಕೊಲೆಗಾರ ಇರಲೇ ಇಲ್ಲವೆಂದು ಲೆಕ್ಕ ಹಾಕಿತು, ಅವನ ಮೂಲಕ ಕೇಳುವವರಿಗೂ ದಕ್ಕುವುದಿಲ್ಲ. ನಮ್ಮ ಸೀಮೆಯದೇ ಮೊಕದ್ದಮೆ, ವಕೀಲರ ಬಾಯಲ್ಲಿ ಬರಲಿ. ಖಳನ ಮಗ ಆಸ್ತಿ ಕೇಳುವುದು ತಂದೆಯ ಮೂಲಕವಲ್ಲ, ದತ್ತಕದ ಮೂಲಕವಾದ್ದರಿಂದ ದತ್ತಕವನ್ನು ಬೇರೆಯಾಗಿಯೇ ಮುರಿಯಬೇಕು. 1923ರಿಂದ ಹೆಂಗಸರೂ ವಕೀಲಿ ಮಾಡಬಹುದಿತ್ತು, ಬೇಕಿದ್ದರೆ ಆ ಪಾತ್ರವನ್ನೂ ಹೆಣ್ಣಾಗಿಸಿ.

ಪಂಚನಾಮೆ:
ವಿಷದ ಬಗ್ಗೆ. ಇಂಗ್ಲಿಷ್ ಕತೆಗಳಲ್ಲಿ ಬರುವ ಕರೋನರ್ (ಸಂಶಯದ ಸಾವು ವಿಚಾರಿಸುವ ಅಧಿಕಾರಿ), ಹಳ್ಳಿ ಸಭಾಭವನದ ವಿಚಾರಣೆ ಧಾರವಾಡಕ್ಕೆ ತರಬೇಡಿ. ಕರೋನರ್ ಇದ್ದದ್ದು ಮುಂಬಯಿ, ಕಲ್ಕತ್ತ ನಗರಗಳಲ್ಲಿ. ಇಲ್ಲಿ ಪೊಲೀಸರೇ ಬಂದು, ನೆರೆಹೊರೆಯ ಇಬ್ಬರೋ ಹೆಚ್ಚೋ ಮರ್ಯಾದಸ್ತರನ್ನು ಕೂಡಿಸಿ ಪಂಚನಾಮೆ ಬರೆಯುತ್ತಿದ್ದರು. ಖಳ ಪಂಚರಲ್ಲಿ ಒಬ್ಬನಾಗಿ ರುಜು ಹಾಕಿದರೆ ಎಷ್ಟು ಚೆಂದ!

ದೊಡ್ಡ ತೊಡಕು ದಹನ. ಸಂಜೆಯೊಳಗೆ ಸುಟ್ಟರೆ ಪಾಷಾಣದ (ಆರ್ಸೆನಿಕ್) ಸಾಕ್ಷಿಯೂ ಬಹುಪಾಲು ಹೋಯಿತು. ಮನೆತನ ಲಿಂಗಾಯತರದಾದರೆ ದೇಹವನ್ನು ಕೂರಿಸಿ ಹೂಳುತ್ತಾರೆ. 1898ರ ದಂಡ ಪ್ರಕ್ರಿಯಾ ಸಂಹಿತೆಯ 176ನೇ ಕಲಮಿನಂತೆ ಮ್ಯಾಜಿಸ್ಟ್ರೇಟರು ಹೂಳಿದ ದೇಹ ತೆಗೆಸಬಹುದಿತ್ತು. ಪಾಷಾಣ ಕೂದಲು, ಉಗುರಿನಲ್ಲಿ ಬಹುಕಾಲ ಉಳಿಯುತ್ತದೆ. ದೇಹದ ಸುತ್ತಲಿನ ಮಣ್ಣನ್ನೂ ಬೇರೆ ಬರಣಿಯಲ್ಲಿ ಕಳಿಸಬೇಕು, ಇಲ್ಲದಿದ್ದರೆ ಪಾಷಾಣ ಮಣ್ಣಿನಿಂದಲೇ ಇಳಿದದ್ದು ಎಂದು ಎದುರು ವಕೀಲ ಎದ್ದು ನಿಲ್ಲುತ್ತಾನೆ. ಪರೀಕ್ಷೆ ಮುಂಬಯಿಯ ಸರ್ಕಾರಿ ರಾಸಾಯನಿಕ ಪರೀಕ್ಷಕರಲ್ಲಿ. ಮೀಟರ್ ಗೇಜ್ ರೈಲಿನಲ್ಲಿ ಪುಣೆಗೆ, ಅಲ್ಲಿ ಗಾಡಿ ಬದಲಿಸಿ ಮುಂಬಯಿಗೆ. ಮರುದಿನವೇ ವರದಿ ಬರಿಸಬೇಡಿ. ಆ ಕಾಯುವಿಕೆಯಲ್ಲೇ ನಾಯಕಿ ಛಾಪಾ ಕಾಗದದ ವಹಿ ಹುಡುಕಲಿ.

ತೊಲೆ_ಮಾಷಾ:
ಗಡಿಗೆಗೆ 1878ರ ನಿಧಿ ಕಾಯ್ದೆ. ಮಣ್ಣಲ್ಲಷ್ಟೇ ಅಲ್ಲ, ನೆಲಕ್ಕೆ ಅಂಟಿದ ಗೋಡೆಯಲ್ಲಿ ಸಿಕ್ಕರೂ ನಿಧಿಯೇ. ಬೆಲೆ 10 ರೂಪಾಯಿಗಿಂತ ಮೇಲಿದ್ದರೆ ಕಲೆಕ್ಟರರಿಗೆ ಬರೆದು ತಿಳಿಸಬೇಕು. ತಿಳಿಸದಿದ್ದರೆ ಸಿಕ್ಕವನ ಪಾಲು ಸರ್ಕಾರಕ್ಕೆ, ಮೇಲೆ ಒಂದು ವರ್ಷದ ತನಕ ಸಜೆ. ವಾರಸುದಾರರಿಲ್ಲದ ನಿಧಿಯಾದರೆ ಕಂಡವನಿಗೆ ಮುಕ್ಕಾಲು, ಜಾಗದವನಿಗೆ ಕಾಲು. ಗೋಡೆ ಒಡೆದ ಗೌಂಡಿಗೆ ಮುಕ್ಕಾಲು ಪಾಲು! ಆದರೆ ನೂರು ವರ್ಷದೊಳಗೆ ಬಚ್ಚಿಟ್ಟದ್ದು, ಬಚ್ಚಿಟ್ಟವರ ವಾರಸುದಾರರು ಇವರೇ ಎಂದು ಸಾಬೀತಾದರೆ ಎಲ್ಲವೂ ಅವರಿಗೆ.

ಅದನ್ನು ನಾಣ್ಯವೇ ಹೇಳುತ್ತದೆ. ವಿಕ್ಟೋರಿಯಾ ರೂಪಾಯಿಯ ಮೇಲೆ 1876ರ ತನಕ ‘ಕ್ವೀನ್’, 1877ರಿಂದ ‘ಎಂಪ್ರೆಸ್’. ಗಡಿಗೆಯ ತಳದಲ್ಲಿ ಒಂದೇ ಒಂದು ‘ಎಂಪ್ರೆಸ್’ ಸಿಕ್ಕರೂ ಹೂತದ್ದು 1877ಕ್ಕಿಂತ ಹಿಂದಲ್ಲ, ಅಂದರೆ ನೂರು ವರ್ಷದೊಳಗೇ. ಬೆಳ್ಳಿ ಮಸುಕಾಗಿ ಅಕ್ಷರ ಕಾಣದಿದ್ದರೆ ಹುಣಸೆಹಣ್ಣು ಹಚ್ಚಿ ತೊಳೆಯಲಿ.

ತೂಕ ಮರೆಯಬೇಡಿ. ಬೆಳ್ಳಿ ರೂಪಾಯಿ ಒಂದು ತೊಲೆ, 11.66 ಗ್ರಾಂ. ಎರಡು ಸಾವಿರ ರೂಪಾಯಿ 23 ಕಿಲೋ ದಾಟುತ್ತದೆ, ಸೈಕಲ್ ಕ್ಯಾರಿಯರಿಗೆ ಕಟ್ಟಿ ಗುಟ್ಟಾಗಿ ಸಾಗಿಸಲಾಗದು. ತಳದ ಒಂದೆರಡು ರೂಪಾಯಿ ಬಿಟ್ಟು ಉಳಿದದ್ದಕ್ಕೆ ಬಂಗಾರದ ಪೌಂಡು ನಾಣ್ಯ ಇಡಿ: ನೂರಕ್ಕೆ 800 ಗ್ರಾಂ, ಆಗಿನ ವಿನಿಮಯದಲ್ಲಿ ಪೌಂಡಿಗೆ 13 ರೂಪಾಯಿ 5 ಆಣೆಯಂತೆ ಸುಮಾರು 1,333 ರೂಪಾಯಿ. ಸೊಂಟದ ಚೀಲದಲ್ಲಿ ಹಿಡಿಯುತ್ತದೆ. 1931ರ ಸೆಪ್ಟೆಂಬರ್ ನಂತರ ಬಂಗಾರದ ದರ ಏರಿತು, ಕತೆ ಮುಂದಕ್ಕೆ ಹೋದರೆ ಲೆಕ್ಕ ಬದಲಿಸಿ.

ಮಾಳಮಡ್ಡಿ:
ಕಾಯ್ದೆ ಎಲ್ಲಾ ಬರೋಬ್ಬರಿ ಹೇಳ್ಯಾರ. ಮಾತಿನ ಬಗ್ಗೆ ಒಂದೆರಡು. ಧಾರವಾಡದೊಳಗ ಅಮಲ್ದಾರ, ಶಾನುಭೋಗ ಅನಬ್ಯಾಡ್ರಿ, ಅವು ಮೈಸೂರಿನ ಕಡಿ ಮಾತು. ಇಲ್ಲೆ ಮಾಮಲೇದಾರ, ಕುಲಕರ್ಣಿ, ಪೊಲೀಸ್ ಪಾಟೀಲ, ಫೌಜದಾರ. ಉಯಿಲು ಅಲ್ಲ, ಮೃತ್ಯುಪತ್ರ. ವಕೀಲರು ಹುಡುಗಿಗೆ ‘ಬಾಯಿ’ ಅಂತ ಮರ್ಯಾದಿ ಕೊಟ್ಟು ಮಾತಾಡಲಿ, ಮನಿ ಆಳು ‘ಅಕ್ಕಾರ’ ಅನ್ನಲಿ. ಖಳ ಮಾತ್ರ ಮೊದಲನೇ ಸಲ ಬಂದಾಗ ‘ತಂಗಿ’ ಅಂತ ಭಾಳ ಪ್ರೀತಿಲೆ ಕರೀಲಿ.