ಕರ್ನಲ್ ಪ್ಯಾನಿಕ್ ಆಗಿ ಬೋರ್ಡ್ ರೀಬೂಟ್ ಆಗುತ್ತೆ, ಕೊನೆಯ ಲಾಗ್ ಹಿಡಿಯೋದು ಹೇಗೆ?

ಹೊಲದ_ಬೋರ್ಡು: ಎಲ್ಲರಿಗೂ ನಮಸ್ಕಾರ. ಬೋರ್‌ವೆಲ್ ಮೋಟಾರ್ ನಡೆಸೋಕೆ ಲಿನಕ್ಸ್ ಇರೋ ಒಂದು ಎಆರ್‌ಎಂ ಬೋರ್ಡ್ ಇಟ್ಟಿದ್ದೀನಿ. 512 ಎಂಬಿ ರ‍್ಯಾಮ್, ಜೊತೆಗೆ 4ಜಿ ಡಾಂಗಲ್. ಇರೋದು ಊರಿಂದಾಚೆ ಪಂಪ್‌ಹೌಸಲ್ಲಿ, ಸೀರಿಯಲ್ ಕೇಬಲ್ ಹಾಕಿ ಕಾಯೋಕೆ ಯಾರೂ ಇಲ್ಲ. ಆಗಾಗ ಕರ್ನಲ್ ಪ್ಯಾನಿಕ್ ಆಗಿ (ಲಿನಕ್ಸ್‌ನ ತಿರುಳೇ ಸರಿಪಡಿಸಲಾಗದ ತಪ್ಪಿಗೆ ಸಿಕ್ಕಿ ನಿಂತು) ತಾನೇ ರೀಬೂಟ್ ಆಗ್ತಿದೆ. ಜರ್ನಲ್ (ಸಿಸ್ಟಂ ಲಾಗ್) ಎಸ್‌ಡಿ ಕಾರ್ಡ್‌ಗೆ ಬರೆಯೋ ಹಾಗೆ ಮಾಡಿದ್ದೀನಿ, ಆದರೂ ರೀಬೂಟ್‌ಗೆ ಮುಂಚಿನ ಸಾಲುಗಳೇ ಸಿಗಲ್ಲ. ಮೋಟಾರ್ ನಿಂತಾಗೆಲ್ಲ ಅಪ್ಪ ರಾತ್ರಿ ಟಾರ್ಚ್ ಹಿಡ್ಕೊಂಡು ಹೋಗಬೇಕು. ದಾರಿ ಇದ್ದರೆ ಹೇಳಿ.

ಸರ್ವರ್_ಮನೆ: ಕೆಡಂಪ್ ಹಾಕಿ. ಬೂಟ್ ಆಗುವಾಗಲೇ ಸ್ವಲ್ಪ ರ‍್ಯಾಮ್ ಕಾದಿರಿಸಿ ಅಲ್ಲಿ ಎರಡನೇ ಕರ್ನಲ್ ಇಟ್ಟಿರುತ್ತೆ. ಮೊದಲನೆಯದು ಬಿದ್ದ ತಕ್ಷಣ ಕೆಎಕ್ಸೆಕ್ (ರೀಸೆಟ್ ಇಲ್ಲದೆ ಬೇರೆ ಕರ್ನಲ್ ಎಬ್ಬಿಸೋ ವಿಧಾನ) ಮೂಲಕ ಎರಡನೆಯದು ಎದ್ದು, ಬಿದ್ದ ಕರ್ನಲ್‌ನ ಮೆಮೊರಿಯನ್ನು ವಿಎಂಕೋರ್ ಅನ್ನೋ ಕಡತವಾಗಿ ಉಳಿಸುತ್ತೆ.

ಹಳೇ_ಕರ್ನಲ್: ಕೆಡಂಪ್ ಬಗ್ಗೆ ನನಗೂ ಅಭಿಮಾನ ಇದೆ. 2005ರಲ್ಲಿ ಲಿನಕ್ಸ್ 2.6.13ಕ್ಕೆ ಸೇರಿದ ಆ ಕೆಲಸದಲ್ಲಿ ಬೆಂಗಳೂರಿನ ಐಬಿಎಂ ಎಂಜಿನಿಯರುಗಳ ಪಾಲು ದೊಡ್ಡದು. ಆದರೆ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9ರಲ್ಲಿ 1ರಿಂದ 4 ಜಿಬಿ ಇರೋ ಎಕ್ಸ್86 (ಇಂಟೆಲ್ ಮಾದರಿ) ಯಂತ್ರಕ್ಕೇ 192 ಎಂಬಿ ಎತ್ತಿಡ್ತಾರೆ. 512 ಎಂಬಿಯಲ್ಲಿ ಅಷ್ಟು ಕೊಟ್ಟರೆ ಉಳಿಯೋದೇನು? ನಿಮಗೆ ಬೇಕಿರೋದು ಪೂರ್ತಿ ಮೆಮೊರಿಯಲ್ಲ, ಕೊನೆಯ ನೂರು ಸಾಲು. ಅದಕ್ಕೆ ರ‍್ಯಾಮ್‌ಊಪ್ಸ್ ಸಾಕು, ಅದು ಕರ್ನಲ್‌ನ ಕೊನೆಯ ಲಾಗನ್ನು ಮೆಮೊರಿಯ ಕಾದಿಟ್ಟ ಜಾಗದಲ್ಲಿ ಬರೆದಿಡೋ ಸೌಲಭ್ಯ.

ಪ್ಯಾನಿಕ್ ಆದಮೇಲೆ ಎಸ್‌ಡಿ ಕಾರ್ಡ್‌ಗೆ ಬರೆಯೋ ಸ್ಥಿತಿಯಲ್ಲಿ ಕರ್ನಲ್ ಇರಲ್ಲ. ಮೆಮೊರಿಗೆ ಬರೆಯಬಲ್ಲದು. ಕರೆಂಟ್ ಹೋಗದೆ ರೀಸೆಟ್ ಆದರೆ ಡಿರ‍್ಯಾಮ್‌ನಲ್ಲಿದ್ದದ್ದು ಬಹುಪಾಲು ಹಾಗೇ ಇರುತ್ತೆ. ಡಿವೈಸ್ ಟ್ರೀಯ (ಬೋರ್ಡ್‌ನ ಹಾರ್ಡ್‌ವೇರ್ ವಿವರವನ್ನು ಕರ್ನಲ್‌ಗೆ ಹೇಳೋ ಕಡತ) ರಿಸರ್ವ್ಡ್ ಮೆಮೊರಿಯಲ್ಲಿ 1 ಎಂಬಿ ಬಿಡಿ: ಕನ್ಸೋಲ್‌ಗೆ 256 ಕೆಬಿ, ಒಂದೊಂದು ದಾಖಲೆಗೆ 128 ಕೆಬಿ. ಆರು ದಾಖಲೆ ಹಿಡಿಸುತ್ತೆ. ಇಸಿಸಿ (ತಪ್ಪು ತಿದ್ದೋ ಕೋಡ್) ಗಾತ್ರ 16 ಬೈಟ್ ಕೊಡಿ, ಅಲ್ಲಲ್ಲಿ ಬಿಟ್ ಕೆಟ್ಟರೆ ಸರಿಮಾಡಿಕೊಳ್ಳುತ್ತೆ. ಕನ್ಸೋಲ್ ಭಾಗವನ್ನು ಮಾತ್ರ ಬಿಡಬೇಡಿ. ದಾಖಲೆ ಬರೆಯೋದು ಊಪ್ಸ್ (ಕರ್ನಲ್‌ನೊಳಗಿನ ತಪ್ಪು) ಅಥವಾ ಪ್ಯಾನಿಕ್ ಆದಾಗ. ಕನ್ಸೋಲ್ ಸದಾ ಬರೀತಾನೇ ಇರುತ್ತೆ, ಹಾಗಾಗಿ ಬೋರ್ಡ್ ಸುಮ್ಮನೆ ಹ್ಯಾಂಗ್ ಆಗಿ ವಾಚ್‌ಡಾಗ್ (ಹ್ಯಾಂಗ್ ಆದರೆ ರೀಸೆಟ್ ಮಾಡೋ ಟೈಮರ್) ಎಬ್ಬಿಸಿದರೂ ಏನಾದರೂ ಸಿಗುತ್ತೆ.

ವಿಳಾಸ ಆರಿಸುವಾಗ ಜೋಪಾನ. ಯು-ಬೂಟ್ (ಕರ್ನಲ್ ಲೋಡ್ ಮಾಡೋ ಬೂಟ್‌ಲೋಡರ್) ತನ್ನನ್ನು ರ‍್ಯಾಮ್‌ನ ಮೇಲ್ತುದಿಗೆ ಸಾಗಿಸಿಕೊಳ್ಳುತ್ತೆ. ಅಲ್ಲೇ ಜಾಗ ಇಟ್ಟರೆ ನಿಮ್ಮ ಲಾಗ್ ಅಳಿಸಿಹೋಗುತ್ತೆ. ನಡುವೆ ಎಲ್ಲಾದರೂ ಇಡಿ, ಕರ್ನಲ್ ಇಮೇಜ್ ಲೋಡ್ ಆಗೋ ಜಾಗವನ್ನೂ ತಪ್ಪಿಸಿ. ವಾಚ್‌ಡಾಗ್ ಪವರ್ ಚಿಪ್ಪನ್ನೇ ಆಫ್ ಮಾಡಿ ಆನ್ ಮಾಡೋ ಬೋರ್ಡ್ ಆಗಿದ್ದರೆ ಇದು ಕೆಲಸ ಮಾಡಲ್ಲ. ಹೊಲಕ್ಕೆ ಒಯ್ಯೋ ಮುಂಚೆ ಮನೇಲೇ ಪರೀಕ್ಷೆ ಮಾಡಿ: ಬೂಟ್ ಸಾಲಿಗೆ ಪ್ಯಾನಿಕ್=10 (ಬಿದ್ದ 10 ಸೆಕೆಂಡಿಗೆ ರೀಬೂಟ್) ಸೇರಿಸಿ, ಸಿಸ್‌ಆರ್‌ಕ್ಯೂ ಟ್ರಿಗರ್ ಕಡತಕ್ಕೆ ಸಿ ಅಕ್ಷರ ಬರೆದು ಬೇಕಂತಲೇ ಬೀಳಿಸಿ. ಎದ್ದಮೇಲೆ ಪಿಸ್ಟೋರ್ (ಉಳಿದ ದಾಖಲೆಗಳನ್ನು ತೋರಿಸೋ ಕಡತ ವ್ಯವಸ್ಥೆ) ಮೌಂಟ್ ಮಾಡಿದರೆ ಕಡತಗಳು ಕಾಣಬೇಕು. ಸಿಸ್ಟಂಡಿ-ಪಿಸ್ಟೋರ್ ಚಾಲೂ ಇದ್ದರೆ ಅದೇ ಎತ್ತಿ ಕಾರ್ಡ್‌ಗೆ ಹಾಕುತ್ತೆ. ನಿಮ್ಮ ಹೊಲದಲ್ಲಿ ಕರೆಂಟ್ ಹೋಗಿ ಬರುತ್ತೆ ಅಂದರೆ ಅದು ಇರಲೇಬೇಕು.

ಹೊಲದ_ಬೋರ್ಡು: ಸಿಕ್ತು ಸರ್! ನಿನ್ನೆ ರಾತ್ರಿ ಮೋಟಾರ್ ಶುರುವಾದ ಕೂಡಲೇ ಬಿದ್ದಿದೆ. ಮೊದಲು ಯುಎಸ್‌ಬಿ ಡಿಸ್‌ಕನೆಕ್ಟ್ ಅನ್ನೋ ಸಾಲು, ಆಮೇಲೆ ಡಾಂಗಲ್ ಡ್ರೈವರ್‌ನಲ್ಲಿ ನಲ್ ಪಾಯಿಂಟರ್ ತಪ್ಪು (ಇಲ್ಲದ ವಿಳಾಸ ಮುಟ್ಟಿದ್ದು). ಆದರೆ ಕಾಲ್ ಟ್ರೇಸ್‌ನಲ್ಲಿ (ಬಿದ್ದಾಗ ನಡೀತಿದ್ದ ಫಂಕ್ಷನ್‌ಗಳ ಪಟ್ಟಿ) ಫಂಕ್ಷನ್ ಹೆಸರು ಮತ್ತು ಆಫ್‌ಸೆಟ್ ಅಷ್ಟೇ ಇವೆ.

ಹಳೇ_ಕರ್ನಲ್: ಬಹಳ ಸಂತೋಷ. ಮೋಟಾರ್ ಎಳೆದಾಗ ವೋಲ್ಟೇಜ್ ಕುಸಿದು ಡಾಂಗಲ್ ಬಿಟ್ಟುಹೋಗ್ತಿದೆ ಅನ್ಸುತ್ತೆ, ಅದಕ್ಕೆ ಬೇರೆ ಸಪ್ಲೈ ಕೊಡಿ. ಹಾಗಂತ ಡಾಂಗಲ್ ಕಳಚಿದರೆ ಕರ್ನಲ್ ಬೀಳಬಾರದು, ಡ್ರೈವರ್ ತಪ್ಪನ್ನೂ ಸರಿಮಾಡಿಸಲೇಬೇಕು. ಇದೇ ಬಿಲ್ಡ್‌ನ ವಿಎಂಲಿನಕ್ಸ್ (ಕುಗ್ಗಿಸದ ಕರ್ನಲ್ ಕಡತ), ಡೀಬಗ್ ಮಾಹಿತಿ ಸಮೇತ, ನಿಮ್ಮ ಹತ್ತಿರ ಇದೆಯಾ? ಕರ್ನಲ್ ಸೋರ್ಸ್‌ನಲ್ಲಿ ಡಿಕೋಡ್ ಸ್ಟ್ಯಾಕ್‌ಟ್ರೇಸ್ ಅನ್ನೋ ಸ್ಕ್ರಿಪ್ಟ್ ಇದೆ, ವಿಎಂಲಿನಕ್ಸ್ ಮತ್ತು ಆ ಟ್ರೇಸ್ ಎರಡನ್ನೂ ಅದಕ್ಕೆ ಕೊಟ್ಟರೆ ಕಡತ ಮತ್ತು ಸಾಲಿನ ಸಂಖ್ಯೆ ಬರುತ್ತೆ. ಬಂದದ್ದನ್ನು ಇಲ್ಲಿ ಹಾಕಿ, ನೋಡೋಣ.