ಓದು ಬಾರದವರೂ ಇರುವ ಗುಂಪಿಗೆ ಏನೇನು ಸಾಮಾನು ಬೇಕು?

ಸಕಲೇಶಪುರದಿಂದ ಪ್ರಶ್ನೆ: ಮುಂದಿನ ತಿಂಗಳು ಸ್ವಸಹಾಯ ಸಂಘದ 25 ಹೆಂಗಸರಿಗೆ ಎರಡು ದಿನದ ಕಾರ್ಯಾಗಾರ ಮಾಡಬೇಕು. ಓದು ಬಾರದವರಿದ್ದಾರೆ, ಲೈನ್ ಮನೆಗಳಿಂದ (ತೋಟದ ಕೂಲಿಯವರ ಸಾಲು ಮನೆಗಳು) ಬರುವ ತಮಿಳಿನವರಿದ್ದಾರೆ, ಒಬ್ಬರಿಗೆ ಕಣ್ಣು ಕಾಣುವುದಿಲ್ಲ, ಒಬ್ಬ ಹುಡುಗಿಗೆ ಕಿವಿ ಕೇಳುವುದಿಲ್ಲ. ಪ್ರೊಜೆಕ್ಟರ್ ಬಾಡಿಗೆಗೆ ತರಲೇ? ಅನುಭವ ಇರುವವರು ಹೇಳಿ.

ಮೂಡಿಗೆರೆಯಿಂದ: ಪ್ರೊಜೆಕ್ಟರ್ ಬೇಡ ಮೇಡಂ. ಆ ದುಡ್ಡನ್ನು ದೂರದಿಂದ ಬರುವವರ ಆಟೋ ಬಾಡಿಗೆಗೆ ಇಟ್ಟುಕೊಳ್ಳಿ. ಚಾರ್ಟ್ ಪೇಪರ್, ಸ್ಕೆಚ್ ಪೆನ್ ಕೊಟ್ಟರೆ ಓದಿದ ಇಬ್ಬರೇ ಬರೆಯುತ್ತಾರೆ, ಮಿಕ್ಕವರು ಸುಮ್ನೆ ಕೂತಿರುತ್ತಾರೆ, ಇದನ್ನು ನಾನು ತುಂಬಾ ಸಲ ನೋಡಿದ್ದೇನೆ. ನಮ್ಮ ಚೀಲದಲ್ಲಿ ಈಗ ಇರುವುದು ಹುಣಸೆ ಬೀಜ, ಅವರೆಕಾಳು, ಕಾಫಿ ಬೀಜ, ತೆಂಗಿನ ನಾರಿನ ಹುರಿ, ಅಷ್ಟೇ. ಪಿಆರ್‌ಎ ಅಂತಾರಲ್ಲ, ಹಳ್ಳಿಯವರೇ ಸೇರಿ ತಮ್ಮ ಊರಿನ ಸ್ಥಿತಿ ಅರಿಯುವ ವಿಧಾನ, ನೆಲದ ಮೇಲೆ ಊರಿನ ನಕ್ಷೆ ಬಿಡಿಸುವುದು, ಕಾಳು ಇಟ್ಟು ಲೆಕ್ಕ ಹೇಳುವುದು, ಅದೇ ಪದ್ಧತಿ. ಮೈರಾಡ ಅನ್ನುವ ಸ್ವಯಂಸೇವಾ ಸಂಸ್ಥೆಯವರು ನಮ್ಮ ರಾಜ್ಯದ ಹಳ್ಳಿಗಳಲ್ಲಿ 1990ರ ಸುಮಾರಿಗೇ ಮಾಡಿ ತೋರಿಸಿದ್ದಾರೆ.

ಹೋದ ವರ್ಷ ಹನ್ನೆರಡು ತಿಂಗಳಿಗೆ ಹನ್ನೆರಡು ಎಲೆ ಸಾಲಾಗಿ ಇಟ್ಟು, ಯಾವ ತಿಂಗಳು ಸಾಲ ಜಾಸ್ತಿ ಆಗುತ್ತದೋ ಅಲ್ಲಿ ಬೀಜ ಹಾಕಿ ಅಂದೆವು. ಅದುವರೆಗೂ ಬಾಯಿ ಬಿಡದಿದ್ದ ಒಬ್ಬ ಅಜ್ಜಿ ಎದ್ದು ಬಂದು ಜೂನ್, ಜುಲೈ ಎಲೆಗಳ ಮೇಲೆ ಎರಡೂ ಕೈ ತುಂಬಾ ಸುರಿದರು. ಕಾಫಿ ಹಣ್ಣು ಕೊಯ್ಲಿನ ಡಿಸೆಂಬರ್, ಜನವರಿಗೆ ಒಂದೊಂದೇ ಬೀಜ. ಮಳೆಗೆ ತೋಟದ ಕೆಲಸ ಕಮ್ಮಿ, ಅದೇ ಹೊತ್ತಿಗೆ ಮಕ್ಕಳ ಫೀಸು, ಪುಸ್ತಕ. ಆಮೇಲೆ ಪಕ್ಕದವರು ಅಜ್ಜಿಯ ಕೈ ಹಿಡಿದು ತಮ್ಮ ಬೀಜಗಳನ್ನೂ ಅಲ್ಲೇ ಹಾಕಿದರು. ಅವತ್ತಿನ ಅರ್ಧ ಚರ್ಚೆ ಅಲ್ಲಿಂದಲೇ ಹುಟ್ಟಿತು.

ಒಂದು ತಪ್ಪು ಮಾಡಿದ್ದೆವು. ನಕ್ಷೆಯನ್ನು ರಂಗೋಲಿ ಪುಡಿಯಲ್ಲಿ ಬಿಡಿಸಿದೆವು, ಕಣ್ಣು ಕಾಣದ ಅಕ್ಕ ಮುಟ್ಟಿ ನೋಡಲು ಹೋದಾಗ ಗೆರೆ ಅಳಿಸಿಹೋಯಿತು, ಅವರು ಕೈ ಹಿಂದಕ್ಕೆ ಎಳೆದುಕೊಂಡರು. ತುಂಬಾ ಬೇಜಾರಾಯಿತು. ಈಗ ರಸ್ತೆಗೆ ಹುರಿ, ಮನೆಗೆ ಕಲ್ಲು, ಕೆರೆಗೆ ತಟ್ಟೆ. ಎಲ್ಲವೂ ಬೆರಳಿಗೆ ಸಿಗುತ್ತವೆ.

ಬೇಲೂರಿನಿಂದ: ಹುರಿಯ ಮಾತು ನೂರಕ್ಕೆ ನೂರು ಸರಿ. ಕಿವಿ ಕೇಳದವರ ಬಗ್ಗೆ ನಾನು ಸೇರಿಸುತ್ತೇನೆ. ಮಾತಾಡುವವರ ಮುಖದ ಮೇಲೆ ಬೆಳಕು ಬೀಳಬೇಕು, ಕಿಟಕಿಗೆ ಬೆನ್ನು ಹಾಕಿ ನಿಂತರೆ ತುಟಿ ಕಾಣುವುದಿಲ್ಲ. ಒಬ್ಬರು ಮುಗಿಸಿದ ಮೇಲೇ ಇನ್ನೊಬ್ಬರು. ಇಡೀ ದಿನದ ಕಾರ್ಯಕ್ರಮಕ್ಕೆ ಸನ್ನೆ ಭಾಷೆಯ ದುಭಾಷಿ ಒಬ್ಬರು ಸಾಲದು, ಇಬ್ಬರು ಬೇಕು, ಇಪ್ಪತ್ತು-ಮೂವತ್ತು ನಿಮಿಷಕ್ಕೊಮ್ಮೆ ಬದಲಾಗುತ್ತಿರಬೇಕು. ದೆಹಲಿಯ ಸರ್ಕಾರಿ ಕೇಂದ್ರದ ಭಾರತೀಯ ಸನ್ನೆ ಭಾಷೆ ನಿಘಂಟಿನಲ್ಲಿ 10,000ಕ್ಕೂ ಹೆಚ್ಚು ಪದಗಳಿವೆ, ವಿಡಿಯೋದಲ್ಲಿ ದುಡ್ಡು ಕೊಡದೆ ನೋಡಬಹುದು. ಆದರೆ ಹಳ್ಳಿ ಕಡೆ ಎಷ್ಟೋ ಮಕ್ಕಳಿಗೆ ಮನೆಯ ಸನ್ನೆ ಮಾತ್ರ ಗೊತ್ತು, ಆಗ ಅವರ ಅಮ್ಮನೋ ಅಕ್ಕನೋ ಜೊತೆಗೆ ಬರಲೇಬೇಕು.

ಚಿಕ್ಕಮಗಳೂರಿನಿಂದ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಹೇಳಿದ್ದಾರೆ, ಎಷ್ಟೋ ಕಣ್ಣಿಗೆ ಕಾಣುವಂಥವಲ್ಲ. ಅದಕ್ಕೆ ನಾವು ಎಲ್ಲರಿಗೂ ಮೊದಲೇ ಫೋನ್ ಮಾಡಿ ಏನು ಅನುಕೂಲ ಬೇಕು ಅಂತ ಕೇಳುತ್ತೇವೆ. ತಮಿಳಿನವರನ್ನು ಕನ್ನಡ ಬರುವ ಗೆಳತಿಯ ಪಕ್ಕ ಕೂರಿಸಿ, ಮೊದಲು ಇಬ್ಬಿಬ್ಬರೇ ಮಾತಾಡಲಿ, ಆಮೇಲೆ ನಾಲ್ವರು, ಆಮೇಲೆ ಎಲ್ಲರೂ. ಕೊನೇ ಬಸ್ಸಿಗೆ ಒಂದು ಗಂಟೆ ಮುಂಚೆ ಮುಗಿಸಿ. ಅಂದಹಾಗೆ, ಆ ಹುಡುಗಿಗೆ ಸನ್ನೆ ಭಾಷೆ ಬರುತ್ತಾ? ಕೇಳಿ ತಿಳಿಸಿ, ದುಭಾಷಿಗಳನ್ನು ಹುಡುಕಲು ನಾನೂ ನಿಮ್ಮ ಜೊತೆ ಸೇರುತ್ತೇನೆ.